ಕಂತು ಕಟ್ಟಿ ಕಲಿತ ಕೋರ್ಸ್, ಇಲ್ಲವೇ ಎನ್‌ಪಿಟೆಲ್: ನನಗೆ ಒದಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ಐಐಟಿ ಮೇಷ್ಟ್ರುಗಳ ಪಾಠ ಆನ್‌ಲೈನ್‌ನಲ್ಲಿ ಸಿಗುವ ಎನ್‌ಪಿಟೆಲ್ ನನಗೆ ಇಷ್ಟ. ಕಂಪ್ಯೂಟರ್ ಸೈನ್ಸ್ ಓದಬೇಕು ಅನ್ನುವವರು ಯಾರೇ ಕೇಳಿದರೂ ಮೊದಲು ಅದನ್ನೇ ತೋರಿಸುತ್ತೇನೆ.

ನಾನು ಓದಿದ್ದು ಮೆಕ್ಯಾನಿಕಲ್, ಸೇರಿದ್ದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ. ಬೆಂಗಳೂರಿನಲ್ಲಿ ಹೀಗೆ ಬಂದವರು ಬೇಕಾದಷ್ಟು ಜನ. ಕೆಲಸವೇನೋ ಕೈಗೆ ಹತ್ತುತ್ತದೆ. ಆದರೆ ಆಪರೇಟಿಂಗ್ ಸಿಸ್ಟಮ್, ಅಲ್ಗಾರಿದಮ್ ಮಾತು ಬಂದರೆ ಬುನಾದಿಯೇ ಇಲ್ಲ ಅನಿಸುತ್ತದೆ. ಅದಕ್ಕೇ ಮೊದಲು ಒಂದು ಆನ್‌ಲೈನ್ ಕೋರ್ಸಿಗೆ ಕಂತಿನಲ್ಲಿ ದುಡ್ಡು ಕಟ್ಟಿದೆ. ಎನ್‌ಪಿಟೆಲ್‌ಗೆ ಬಂದಿದ್ದು ಆಮೇಲೆ.

ಆ ಕೋರ್ಸಿನ ಪಾಠ ಚೆನ್ನಾಗಿಯೇ ಇತ್ತು. ಡೌಟ್ ಕೇಳಿದರೆ ಅದೇ ದಿನ ಉತ್ತರ ಬರುತ್ತಿತ್ತು. ತಲೆ ಕೆಟ್ಟಿದ್ದು ವಿಡಿಯೋ ವಿಚಾರದಲ್ಲಿ.

ಲೈವ್ ಕ್ಲಾಸ್ ರಾತ್ರಿ ಎಂಟೂವರೆಗೆ. ಆ ಹೊತ್ತಿಗೆ ನಾನು ವೈಟ್‌ಫೀಲ್ಡ್‌ನಿಂದ ವಿಜಯನಗರಕ್ಕೆ ಮೆಟ್ರೋದಲ್ಲಿ ಬರುತ್ತಿರುತ್ತೇನೆ. ರೆಕಾರ್ಡಿಂಗ್ ಕೊಡುತ್ತೇವೆ ಅಂದಿದ್ದರು, ಕೊಟ್ಟರು ಕೂಡ. ಆದರೆ ಅದು ಅವರ ಆ್ಯಪ್‌ನಲ್ಲಿ ಮಾತ್ರ, ಇಳಿಸಿಕೊಳ್ಳುವ ಹಾಗಿಲ್ಲ. ನೇರಳೆ ಮಾರ್ಗ ಕಬ್ಬನ್ ಪಾರ್ಕ್‌ನಿಂದ ಸಿಟಿ ರೈಲ್ವೆ ಸ್ಟೇಷನ್‌ವರೆಗೆ ನೆಲದಡಿಯಲ್ಲಿ ಹೋಗುತ್ತದೆ. ಅಲ್ಲಿ ನನ್ನ ಫೋನಿಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಿಡಿಯೋ ನಿಂತುಬಿಡುತ್ತಿತ್ತು. ಮಾಗಡಿ ರಸ್ತೆ ಹತ್ತಿರ ರೈಲು ಮೇಲೆ ಬರುವಷ್ಟರಲ್ಲಿ ಆ್ಯಪ್ ನನ್ನನ್ನು ಹೊರಗೆ ಹಾಕಿರುತ್ತಿತ್ತು. ಮತ್ತೆ ಒಟಿಪಿ, ಮತ್ತೆ ವಿಡಿಯೋ ಮೊದಲಿನಿಂದ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ತೆರೆದರೆ, ಫೋನಿನಲ್ಲಿ ಲಾಗಿನ್ ಆಗಿದ್ದೀರಿ ಎಂಬ ತಕರಾರು. ಇನ್ನೊಂದು ಒಟಿಪಿ. ಫೋನ್ ಮಾಡಿ ಕೇಳಿದ್ದಕ್ಕೆ, "ವಿಡಿಯೋ ಕದೀತಾರೆ ಸರ್, ಅದಕ್ಕೆ" ಅಂದರು. ಪೂರ್ತಿ ದುಡ್ಡು ಕಟ್ಟುವವನಿಗೆ ಇಷ್ಟು ಕಾಟ ಯಾಕೆ? ಕಡೆಗೆ ಅವಧಿ ಮುಗಿದ ದಿನ ನೋಟ್ಸ್ ಕೂಡ ತೆರೆಯಲಿಲ್ಲ. ಕಂತು ಇನ್ನೂ ಬಾಕಿ ಇತ್ತು.

ಎನ್‌ಪಿಟೆಲ್‌ನಲ್ಲಿ ಈ ತಾಪತ್ರಯವೇ ಇಲ್ಲ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು ಇದು. ಪಾಠ ಪುಕ್ಕಟೆ. ರಾತ್ರಿ ಮನೆಯ ವೈಫೈನಲ್ಲಿ ಇಳಿಸಿಕೊಂಡರೆ ಬೆಳಗ್ಗೆ ಸುರಂಗದಲ್ಲೂ ಪಾಠ ನಡೆಯುತ್ತದೆ. ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಪರೀಕ್ಷೆಗೆ ಕಟ್ಟಬೇಕು, ನಾನು ಕಟ್ಟಿದ್ದು 1000 ರೂಪಾಯಿ. ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. 12 ವಾರದ ಕೋರ್ಸ್‌ನಲ್ಲಿ ಜಾಸ್ತಿ ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಹಾಗಾಗಿ ಆಫೀಸಿನಲ್ಲಿ ರಿಲೀಸ್ ಇರುವ ವಾರ ತಪ್ಪಿದರೂ ಚಿಂತೆಯಿಲ್ಲ.

ಕೊರತೆಯೂ ಇದೆ. ಹಳೆಯ ಕೆಲವು ವಿಡಿಯೋಗಳ ಧ್ವನಿ ಸಣ್ಣದು. ಹಿಂದೆ ಬಿದ್ದು ಓದಿಸುವವರು ಯಾರೂ ಇಲ್ಲ.

ಹೊಸದನ್ನು ತಿಳಿದುಕೊಳ್ಳುತ್ತಾ ಇರುವುದು ಬೇರೆಯೇ ಕೆಲಸ. ಯೂಟ್ಯೂಬ್ ಸುದ್ದಿ ಬಿಟ್ಟೆ, ನೋಡಿ ಮುಗಿಸಿದ ಮೇಲೆ ಏನೂ ಉಳಿಯುವುದಿಲ್ಲ. ಭಾನುವಾರದ ಮೀಟಪ್‌ಗಳಲ್ಲಿ ಸ್ನೇಹಿತರು ಸಿಕ್ಕರು, ಅದಕ್ಕಾಗಿ ಹೋಗಬಹುದು. ನನಗೆ ಹಿಡಿಸಿದ್ದು ಸಂಶೋಧನಾ ಪೇಪರ್ ಓದುವುದು. ಇಂಥ ಪೇಪರ್‌ಗಳನ್ನು ಇಡುವ ಆರ್ಕೈವ್ (arXiv) ತಾಣ 1991ರಿಂದಲೂ ಎಲ್ಲರಿಗೂ ತೆರೆದಿದೆ. ಕಂಪ್ಯೂಟರ್ ಸಿಸ್ಟಮ್‌ಗಳ ಬಗ್ಗೆ ನಡೆಯುವ ಯೂಸ್‌ನಿಕ್ಸ್ ಸಮ್ಮೇಳನದ ಪೇಪರ್‌ಗಳಿಗೂ ದುಡ್ಡಿಲ್ಲ.

ರಾಫ್ಟ್ ಅನ್ನೇ ತೆಗೆದುಕೊಳ್ಳಿ. ಹಲವು ಸರ್ವರ್‌ಗಳು ತಮ್ಮಲ್ಲೇ ಒಂದನ್ನು ಲೀಡರ್ ಮಾಡಿಕೊಂಡು ಒಂದೇ ಮಾತಿಗೆ ಬರುವ ವಿಧಾನ ಅದು. ದುಡ್ಡಿನ ಕೋರ್ಸ್‌ನಲ್ಲಿ ಅದಕ್ಕೆ ಒಂದೇ ಸ್ಲೈಡ್: ಲೀಡರ್ ಕೆಟ್ಟರೆ ಉಳಿದ ಸರ್ವರ್‌ಗಳು ಇನ್ನೊಂದನ್ನು ಆರಿಸುತ್ತವೆ. ಇಂಟರ್‌ವ್ಯೂಗೆ ಅಷ್ಟು ಸಾಕು. ಸ್ಟ್ಯಾನ್‌ಫರ್ಡ್‌ನ ಒಂಗಾರೊ ಮತ್ತು ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದ ಪೇಪರ್ ತೆರೆದಾಗ ಒಳಗಿನ ಕಷ್ಟ ಕಂಡಿತು. ಎಲ್ಲ ಸರ್ವರ್‌ಗಳೂ ಒಟ್ಟಿಗೇ ಓಟು ಕೇಳಲು ಎದ್ದರೆ ಓಟು ಹಂಚಿಹೋಗಿ ಯಾರಿಗೂ ಬಹುಮತ ಬರುವುದಿಲ್ಲ. ಅದಕ್ಕೇ ಪ್ರತಿಯೊಂದೂ ತಾನು ಕಾಯುವ ಹೊತ್ತನ್ನು, ಉದಾಹರಣೆಗೆ 150ರಿಂದ 300 ಮಿಲಿಸೆಕೆಂಡಿನೊಳಗೆ, ರ್‍ಯಾಂಡಮ್ ಆಗಿ ಆರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಮೊದಲು ಎದ್ದು, ಉಳಿದವು ಏಳುವ ಮುಂಚೆಯೇ ಗೆದ್ದುಬಿಡುತ್ತದೆ. ಪೈಥಾನ್‌ನಲ್ಲಿ ಸಣ್ಣದಾಗಿ ಬರೆದು, ಬೇಕೆಂದೇ ಎಲ್ಲಕ್ಕೂ ಒಂದೇ ಹೊತ್ತು ಇಟ್ಟು ನೋಡಿದೆ. ಚುನಾವಣೆ ಮುಗಿಯಲೇ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ, ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಆಫೀಸಿನಲ್ಲಿ ಹೊಸದಾಗಿ ಸೇರಿದ ಹಾಸನದ ಹುಡುಗಿ ಮೊನ್ನೆ, "ಅಣ್ಣಾ, ನಾನೂ ಕೋರ್ಸಿಗೆ ಸೇರಲಾ?" ಅಂತ ಕೇಳಿದಳು. ಬೇಗ ಕೆಲಸ ಬದಲಿಸಬೇಕು, ಒಬ್ಬರು ಬೆನ್ನ ಹಿಂದೆ ನಿಂತು ಓದಿಸಬೇಕು ಅನ್ನುವವರಿಗೆ ದುಡ್ಡಿನ ಕೋರ್ಸ್ ಆಗಬಹುದು. ನನ್ನ ಹಾಗೆ ಬಾಡಿಗೆ ಕಟ್ಟಿ, ಊರಿಗೂ ಕಳಿಸಿ, ದಿನಾ ರೈಲಿನಲ್ಲಿ ಓದುವವರಿಗೆ ಎನ್‌ಪಿಟೆಲ್ ಜೊತೆಗೆ ತಿಂಗಳಿಗೊಂದು ಪೇಪರ್ ಸಾಕು. ಸೇರಲೇಬೇಕು ಅಂದರೆ ಮೊದಲ ಕಂತಿಗೆ ಮುಂಚೆ ಎರಡು ವಿಷಯ ಇಮೇಲ್‌ನಲ್ಲೇ ಕೇಳಿ ಬರೆಸಿಕೋ ಅಂದೆ: ವಿಡಿಯೋ ಇಳಿಸಿಕೊಳ್ಳಬಹುದಾ, ಅವಧಿ ಮುಗಿದ ಮೇಲೆ ನೋಟ್ಸ್ ನಮ್ಮ ಹತ್ತಿರ ಉಳಿಯುತ್ತಾ.