ಹಳೇ ದನಿಯ ಪ್ಲೇಟು: ಬೂತಿನದೋ, ಮನೆಯದೋ, ಅಲ್ಯೂಮಿನಿಯಮ್ಮಿನದೋ?

ಅಮೆರಿಕದ ಹಳೇ ಸಾಮಾನಿನ ಸಂತೆಗಳಲ್ಲಿ ಗ್ರಾಮಾಫೋನ್ ಪ್ಲೇಟುಗಳ ರಾಶಿ ಕೆದಕಿದರೆ, ನಡುವೆ ಎಲ್ಲೋ ಹಾಡುಗಾರರ ಹೆಸರೇ ಇಲ್ಲದ ಪುಟ್ಟ ಪ್ಲೇಟು ಸಿಗುತ್ತದೆ. ಲೇಬಲ್ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದ ಒಂದು ತಾರೀಖು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಟೇಪ್ ರೆಕಾರ್ಡರ್ ಮನೆಮನೆಗೆ ಬರುವ ಮುಂಚೆ ಮಾಮೂಲಿ ಜನ ತಮ್ಮ ದನಿ ಕೊರೆಸಿ ಅಂಚೆಗೆ ಹಾಕುತ್ತಿದ್ದ ಪ್ಲೇಟುಗಳಿವು. ನಮ್ಮ ಕರಾವಳಿಯಿಂದ ಗಲ್ಫ್‌ಗೆ ಹೋದವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಕಳಿಸುತ್ತಿದ್ದರಲ್ವಾ, ಅದೇ ಕೆಲಸ. ನ್ಯೂಜೆರ್ಸಿಗೆ ಬಂದಮೇಲೆ ನನಗೆ ಇವುಗಳ ಹುಚ್ಚು ಹಿಡಿಯಿತು. ಎಲ್ಲ ಜಾತಿಯದನ್ನೂ ಕೊಂಡು, ಹಾಕಿ ಕೇಳಿದ್ದೇನೆ. ಯಾವುದಕ್ಕೆ ದುಡ್ಡು ಹಾಕಬಹುದು ಅನ್ನೋದು ನನ್ನ ಲೆಕ್ಕದಲ್ಲಿ ಹೀಗಿದೆ.

ಹೆಚ್ಚಿನವರು ಮೊದಲು ಕೈ ಹಾಕೋದು ಬೂತ್ ಪ್ಲೇಟಿಗೆ. 1940ರ ದಶಕದಲ್ಲಿ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಮ್ಯೂಟೊಸ್ಕೋಪ್ ಕಂಪನಿ 'ವಾಯ್ಸ್-ಒ-ಗ್ರಾಫ್' ಅನ್ನೋ ಬೂತುಗಳನ್ನು ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಇಟ್ಟಿತ್ತು. ನೋಡಲು ಟೆಲಿಫೋನ್ ಬೂತಿನ ಹಾಗೆ. ಚಿಲ್ಲರೆ ಹಾಕಿ, ಬಾಗಿಲು ಮುಚ್ಚಿಕೊಂಡು ಮಾತಾಡಿದರೆ 6 ಇಂಚಿನ ರಟ್ಟಿನ ಪ್ಲೇಟು ಹೊರಗೆ ಬರುತ್ತಿತ್ತು. ಇದಕ್ಕೆ ಸಿಗುವ ಸಮಯ ಸುಮಾರು ಒಂದು ನಿಮಿಷ. ಅಂಚೆಗೆ ಹಾಕೋ ಲಕೋಟೆ ಸಮೇತ ಸಿಕ್ಕರೆ ನೋಡಲು ಬಲು ಚೆಂದ, ಬೆಲೆಯೂ ಜಾಸ್ತಿ. ಆದರೆ ಕೇಳಲು ಕೂತರೆ ಬೇಗ ಬೇಜಾರಾಗುತ್ತದೆ. ಗಡಿಯಾರ ಓಡುತ್ತಿದೆ ಅನ್ನೋ ಗಾಬರಿಯಲ್ಲಿ ಎಲ್ಲರೂ ಹೇಳೋದು ಒಂದೇ: ಹಲೋ ಅಮ್ಮಾ, ನಾನು ಚೆನ್ನಾಗಿದ್ದೀನಿ, ಇಲ್ಲಿ ಸೆಕೆ, ಇನ್ನೇನು ಹೇಳಲಿ ಗೊತ್ತಾಗ್ತಿಲ್ಲ. ಜೊತೆಗೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗಿರುತ್ತದೆ, ಮುಳ್ಳು ಎಗರುತ್ತದೆ.

ಎರಡನೇ ಮಹಾಯುದ್ಧದ ಕಾಲದ ಸೈನಿಕರ ಪ್ಲೇಟುಗಳೂ ಹೆಚ್ಚುಕಡಿಮೆ ಇದೇ ಜಾತಿ. ಪೆಪ್ಸಿ-ಕೋಲಾ ಕಂಪನಿ ಸೈನಿಕರಿಗಾಗಿ ನಡೆಸಿದ ಕೇಂದ್ರಗಳಲ್ಲಿ ಪುಕ್ಕಟೆಯಾಗಿ ದನಿ ಕೊರೆದು ಮನೆಗೆ ಕಳಿಸುತ್ತಿದ್ದರು. ಗಡ್ಡ ಹೆರೆಯೋ ಜೆಮ್ ಬ್ಲೇಡಿನವರ ಹೆಸರಿರುವ ಪ್ಲೇಟುಗಳೂ ಸಿಗುತ್ತವೆ. ಮಿಲಿಟರಿ ಸಾಮಾನು ಕೂಡಿಹಾಕುವವರೂ ಇದಕ್ಕೇ ಮುಗಿಬೀಳೋದರಿಂದ ರೇಟು ಏರಿಸಿಬಿಟ್ಟಿದ್ದಾರೆ. ಹುಡುಗರ ಹಿಂದೆ ಯಾರೋ ಸಾಲಿನಲ್ಲಿ ಕಾಯುತ್ತಿರೋದು ದನಿಯಲ್ಲೇ ಗೊತ್ತಾಗುತ್ತದೆ. ಕೆಲವು ಕರುಳು ಹಿಂಡುತ್ತವೆ, ನಿಜ. ಆದರೂ ಅಷ್ಟು ದುಡ್ಡಿಗೆ ನಾಲ್ಕು ಮನೆ ಪ್ಲೇಟು ಬರುತ್ತವೆ.

ನನ್ನ ವೋಟು ಆ ಮನೆ ಪ್ಲೇಟಿಗೇ. ಮಿಶಿಗನ್ನಿನ ವಿಲ್ಕಾಕ್ಸ್-ಗೇ ಕಂಪನಿ 'ರೆಕಾರ್ಡಿಯೊ' ಅಂತ ಒಂದು ಯಂತ್ರ ಮಾಡಿತ್ತು. ರೇಡಿಯೊ, ಪ್ಲೇಯರ್, ದನಿ ಕೊರೆಯುವ ತೋಳು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಮನೆಯಲ್ಲೇ ಇರೋ ಯಂತ್ರ, ಹಾಗಾಗಿ ಹಿಂದೆ ಕಾಯುವವರಿಲ್ಲ. ಸ್ವಲ್ಪ ಹೊತ್ತಿಗೆ ಜನ ಮೈಕು ಇರೋದನ್ನೇ ಮರೆತುಬಿಡುತ್ತಾರೆ. ನನ್ನ ಹತ್ತಿರ ಇರುವ ಒಂದರಲ್ಲಿ ಅಪ್ಪ ಮಗಳಿಗೆ ಪದ್ಯ ಹೇಳು ಅಂತ ಪೂಸಿ ಹೊಡೆಯುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಪಾತ್ರೆ ಬಿದ್ದ ಸದ್ದು. ತಾಯಿ ದೂರದಿಂದ 'ಅದು ತಿರುಗ್ತಿದೆಯಾ?' ಅಂತ ಕೇಳುತ್ತಾಳೆ. ಅಷ್ಟರಲ್ಲಿ ಪ್ಲೇಟು ಮುಗಿಯುತ್ತದೆ, ಪದ್ಯ ಬರೋದೇ ಇಲ್ಲ. ಬೂತಿನಲ್ಲಿ ಇಂಥದ್ದು ಸಿಗೋದು ಅಪರೂಪ.

ಆದರೆ ಮನೆ ಪ್ಲೇಟು ಬಾಳಿಕೆಯಲ್ಲಿ ತೀರಾ ದುರ್ಬಲ. ಮೇಲಿರೋದು ಲ್ಯಾಕರ್ ಅನ್ನೋ ವಾರ್ನಿಶ್‌ನಂಥ ಲೇಪ, ಅದನ್ನು ಮೆತ್ತಗಿಡಲು ಹರಳೆಣ್ಣೆ ಸೇರಿಸುತ್ತಿದ್ದರು. ವರ್ಷ ಕಳೆದಂತೆ ಆ ಎಣ್ಣೆ ಒಡೆದು ಬೂದಿಯಂಥ ಬಿಳಿ ಪದರವಾಗಿ ಮೇಲೆ ಬರುತ್ತದೆ. ಲೇಪ ಕುಗ್ಗಿ, ಬಿರುಕು ಬಿಟ್ಟು, ಚಕ್ಕೆಚಕ್ಕೆಯಾಗಿ ಏಳುತ್ತದೆ. ಕೊಳ್ಳುವಾಗ ಪ್ಲೇಟನ್ನು ಓರೆಯಾಗಿ ಹಿಡಿದು ಟಾರ್ಚ್ ಬಿಡಿ. ಬಿಳಿ ಪದರ ಇದ್ದರೆ ಚಿಂತೆಯಿಲ್ಲ, ಬಿರುಕು ಇದ್ದರೆ ಬಿಡಿ. ನಡುವಿನ ತೂತಿನ ಅಂಚನ್ನೂ ನೋಡಿ: ಲೋಹ ಹೊಳೆದರೆ ಒಳಗೆ ಅಲ್ಯೂಮಿನಿಯಂ, ಕಂದು ಕಂಡರೆ ರಟ್ಟು. ಯುದ್ಧದ ಸಮಯದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ಮೇಲೂ ಲೇಪ ಹಚ್ಚಿದರು. ಗಾಜಿನದನ್ನು ಅಂಚೆಯಲ್ಲಿ ತರಿಸೋ ಧೈರ್ಯ ನನಗಿಲ್ಲ. ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಲ್ಯಾಕರ್ ಕರಗಿಹೋಗುತ್ತದೆ.

ಗಟ್ಟಿತನ ಬೇಕು ಅಂದರೆ ಬರೀ ಅಲ್ಯೂಮಿನಿಯಂ ಪ್ಲೇಟು ಬೇರೆಯೇ ಇದೆ, ಲೇಪವೇ ಇಲ್ಲದ್ದು. 1930ರ ಆಸುಪಾಸಿನದು. ಇದರಲ್ಲಿ ಗೆರೆ ಕೊರೆಯುತ್ತಿರಲಿಲ್ಲ, ಮುಳ್ಳು ಲೋಹವನ್ನು ಒತ್ತಿ ಗೆರೆ ಮೂಡಿಸುತ್ತಿತ್ತು. ಏಳೋದಕ್ಕೆ ಲೇಪವೇ ಇಲ್ಲವಲ್ಲ, ಹಾಗಾಗಿ ಇವತ್ತಿಗೂ ಉಳಿದಿದೆ. ದನಿ ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದಂತೆ, ಸುತ್ತ ಕರಕರ. ಅರ್ಧ ಮಾತು ಊಹಿಸಿಕೊಳ್ಳಬೇಕು. ಆಗಲೇ ಇದಕ್ಕೆ ನಾರಿನ ಮುಳ್ಳು ಬಳಸಿ ಅಂತ ಹೇಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ಉಕ್ಕಿನ ಮುಳ್ಳನ್ನೇ ಹಾಕಿ ಕೆರೆದಿದ್ದಾರೆ, ಅಂಥದರಲ್ಲಿ ಏನೂ ಉಳಿದಿರೋದಿಲ್ಲ.

ಯಾವ ಜಾತಿಯದಾದರೂ ಹಳೇ ಕೀಲಿ ಗ್ರಾಮಾಫೋನಿಗೆ ಹಾಕಬೇಡಿ. ಆ ತೂಕಕ್ಕೆ ಗೆರೆ ಒಂದೇ ಸಲಕ್ಕೆ ಹಾಳು. ಎಲ್‌ಪಿ ಮುಳ್ಳು ಇಟ್ಟು ನೋಡಿದೆ: ತೀರಾ ಸಣ್ಣದು, ಗೆರೆಯ ತಳದಲ್ಲಿ ಕೂತು ಬರೀ ಕಸದ ಸದ್ದು ಎತ್ತಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟಿಗೆ ಅಂತಲೇ ಬರುವ 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು) ಮುಳ್ಳು ಹಾಕಿದಾಗ ಮಾತು ಸ್ಪಷ್ಟವಾಯಿತು. ಸೊಟ್ಟ ಪ್ಲೇಟಿನಲ್ಲಿ ಮುಳ್ಳು ಎಗರಿದರೆ 33ರ ವೇಗದಲ್ಲಿ ನಿಧಾನ ತಿರುಗಿಸಿ ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಆಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ವೇಗ ಹೆಚ್ಚಿಸಿಕೊಳ್ಳಿ. ಲ್ಯಾಕರ್ ಪ್ರತಿ ಸಲ ಸವೆಯುತ್ತದೆ, ಅದಕ್ಕೇ ಮೊದಲ ಸಲವೇ ರೆಕಾರ್ಡಿಂಗ್ ಆನ್ ಮಾಡಿ ಮುಳ್ಳು ಇಡಿ. ಸುಮ್ನೆ ಒಂದ್ಸಲ ಕೇಳೋಣ ಅನ್ನೋದು ಬೇಡ.

ಚಕ್ಕೆ ಎದ್ದ ಪ್ಲೇಟಿಗೆ ಮುಳ್ಳು ಮುಟ್ಟಿಸದೆ ಗೆರೆಯ ಫೋಟೊ ತೆಗೆದು ದನಿ ಹೊರಡಿಸುವ 'ಐರೀನ್' ಅನ್ನೋ ವಿಧಾನವನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ಲ್ಯಾಬಿನ ವಿಜ್ಞಾನಿ ಕಾರ್ಲ್ ಹೇಬರ್ ಮತ್ತವರ ಜೊತೆಗಾರರು ಮಾಡಿದ್ದಾರೆ. ಅದು ಗ್ರಂಥಾಲಯ, ಮ್ಯೂಸಿಯಮ್ಮುಗಳ ಮಟ್ಟದ ಕೆಲಸ. ನಮ್ಮಂಥವರು ಬಿರುಕಿಲ್ಲದ್ದನ್ನೇ ಆರಿಸಿಕೊಳ್ಳೋದು ವಾಸಿ.