ಮೆದುಳಿನ ಮಾಡೆಲ್ ತಗೊಳ್ಳಿ, ಜೊತೆಗೆ ಬರುವ ಚಾರ್ಟ್ ಮಾತ್ರ ಗೋಡೆಗೆ ಹಾಕಬೇಡಿ

ಪಿಯುಸಿ ಮಕ್ಕಳಿಗೆ ಮನೋವಿಜ್ಞಾನ ಹೇಳಿಕೊಡುವವರು ಈ ಮಾಡೆಲ್ಲನ್ನು ಧೈರ್ಯವಾಗಿ ತಗೊಳ್ಳಬಹುದು. ನಿಜವಾದ ಅಳತೆಯ ಪ್ಲಾಸ್ಟಿಕ್ ಮೆದುಳು, 8 ತುಂಡಾಗಿ ಬಿಚ್ಚುತ್ತದೆ. ಆನ್‌ಲೈನಿನಲ್ಲಿ 2,000 ರೂಪಾಯಿ ಚಿಲ್ಲರೆ. ಪಿನ್ನುಗಳು ಗಟ್ಟಿಯಾಗಿವೆ, ಇಡೀ ತರಗತಿ ಕೈಯಿಂದ ಕೈಗೆ ದಾಟಿಸಿದರೂ ಏನೂ ಸಡಿಲವಾಗಲಿಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಒಳಭಾಗ. ಕಿವಿಯ ಪಕ್ಕದ ತುಂಡು ತೆಗೆದರೆ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಕಾಣುತ್ತದೆ, ಅದರ ಮುಂದೆಯೇ ಭಯದಂಥ ಭಾವನೆಗಳಲ್ಲಿ ಕೆಲಸ ಮಾಡುವ ಅಮಿಗ್ಡಲಾ. ನಡುವೆ ವೆಂಟ್ರಿಕಲ್, ಅಂದರೆ ದ್ರವ ತುಂಬಿದ ಪೊಳ್ಳು ಜಾಗ. ಮಕ್ಕಳು ಅಲ್ಲಿ ಬೆರಳಿಟ್ಟಾಗ ನಾನು 1976ರ ವಿಷಯ ಹೇಳುತ್ತೇನೆ. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಈವ್ ಜಾನ್‌ಸ್ಟನ್ ಮತ್ತು ಜೊತೆಗಾರರು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವುದು, ಭ್ರಮೆ ಇಂಥ ಲಕ್ಷಣಗಳಿರುವ ಮಾನಸಿಕ ಕಾಯಿಲೆ) ಇದ್ದ 17 ಜನರ ಸಿಟಿ ಸ್ಕ್ಯಾನ್ ಮಾಡಿದರು. ಕಾಯಿಲೆ ಇಲ್ಲದವರಿಗಿಂತ ಅವರಲ್ಲಿ ಈ ಪೊಳ್ಳು ದೊಡ್ಡದಾಗಿತ್ತು, ಅಂದರೆ ಕಾಯಿಲೆಗೂ ಮೆದುಳಿಗೂ ನಂಟಿದೆ ಅಂತ ಕಂಡಿತು. ಅದಕ್ಕೆ ಮುಂಚೆ, ತಾಯಿ ಸರಿಯಾಗಿ ಸಾಕದಿದ್ದರೆ ಈ ಕಾಯಿಲೆ ಬರುತ್ತದೆ ಅಂತ ದೊಡ್ಡ ದೊಡ್ಡ ವೈದ್ಯರೇ ಬರೆದಿದ್ದ ಕಾಲ ಒಂದಿತ್ತು. ಎಷ್ಟು ಅಮ್ಮಂದಿರು ಸುಮ್ನೆ ಆ ಮಾತು ಹೊತ್ತರೋ!

ಇನ್ನು ಚಾರ್ಟ್. ಅಮಿಗ್ಡಲಾ ಅಂದರೆ ಆತಂಕ, ಹಿಪೊಕ್ಯಾಂಪಸ್ ಅಂದರೆ ಖಿನ್ನತೆ, ವೆಂಟ್ರಿಕಲ್ ಅಂದರೆ ಸ್ಕಿಜೋಫ್ರೇನಿಯಾ ಅಂತ ಬಾಣ ಹಾಕಿ ತೋರಿಸಿದ್ದಾರೆ. ಇದು ಸರಿಯಲ್ಲ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ ಖಿನ್ನತೆ ಇದ್ದ 1,700ಕ್ಕೂ ಜಾಸ್ತಿ ಜನರ ಎಂಆರ್‌ಐ ನೋಡಿತು. ಹಿಪೊಕ್ಯಾಂಪಸ್ ಚಿಕ್ಕದಿತ್ತು ನಿಜ, ಆದರೆ ಸರಾಸರಿ ವ್ಯತ್ಯಾಸ 1%ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಖಿನ್ನತೆ ಇಲ್ಲದ ಎಷ್ಟೋ ಜನರಿಗೆ ಅದಕ್ಕಿಂತ ಚಿಕ್ಕದಿರುತ್ತದೆ. ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಖಿನ್ನತೆ ಇದೆ ಅಥವಾ ಇಲ್ಲ ಅಂತ ಹೇಳಲು ಆಗುವುದಿಲ್ಲ. ವೈದ್ಯರು ಸ್ಕ್ಯಾನ್ ಬರೆದುಕೊಡುವುದು ಹೆಚ್ಚಾಗಿ ಗಡ್ಡೆ, ಪೆಟ್ಟು, ಪಾರ್ಶ್ವವಾಯು ಇಂಥವು ಇಲ್ಲವೆಂದು ಖಚಿತ ಮಾಡಿಕೊಳ್ಳಲು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. "ಅಕ್ಕನ ಸ್ಕ್ಯಾನ್ ನಾರ್ಮಲ್ ಬಂತು ಮೇಡಂ. ಹಾಗಾದರೆ ಅವಳು ನಾಟಕ ಮಾಡ್ತಿದಾಳೆ ಅಂತ ಮನೇಲಿ ಅಂತಾರೆ" ಎಂದು ಒಬ್ಬ ವಿದ್ಯಾರ್ಥಿನಿ ನನ್ನ ಹತ್ತಿರ ಹೇಳಿದಳು. ಇಂಥ ಚಾರ್ಟ್ ನೋಡಿದವರು ಹಾಗೆ ಅಂದುಕೊಳ್ಳುವುದು ಸಹಜ ಅಲ್ವಾ? ಅಕ್ಕನ ಕಷ್ಟ ನಿಜವಾದದ್ದು, ಸ್ಕ್ಯಾನಿನಲ್ಲಿ ಕಾಣಲೇಬೇಕು ಅಂತಿಲ್ಲ ಎಂದು ಅವಳಿಗೆ ಹೇಳಿದೆ. ಮನೆಯವರ ಹತ್ತಿರವೂ ಮಾತಾಡಿದೆ.

ಚಾರ್ಟಿನ ಹಿಂದೆ ಭಾಗಗಳ ಹೆಸರಿನ ಪಟ್ಟಿ ಇದೆ, ಅದು ಸರಿಯಾಗಿದೆ. ನಾನು ಆ ಬದಿಯನ್ನು ಮಾತ್ರ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೇನೆ. ಮಾರುವವರಿಗೂ ಮುಂದಿನ ಬದಿ ತೆಗೆಯಿರಿ ಅಂತ ಬರೆದಿದ್ದೇನೆ.