ಮನೆ ತಪಾಸಣೆ: ಕಂಪನಿಯವರಾ, ಇಂಜಿನಿಯರಾ, ನಾವೇನಾ?

ಬೆಂಗಳೂರಲ್ಲಿ ಮನೆ ಕೊಳ್ಳುವ ಮುಂಚೆ ಯಾರಿಂದ ಚೆಕ್ ಮಾಡಿಸಬೇಕು ಎಂದು ಕೇಳಿದ್ದೀರಿ.

ಖರ್ಚಿನ ಮಾತು ಮೊದಲು. ನಾವೇ ನೋಡಿದರೆ ಒಂದು ಭಾನುವಾರ ಹೋಗುತ್ತದೆ, ಅಷ್ಟೇ. ಸಿವಿಲ್ ಇಂಜಿನಿಯರ್ ಭೇಟಿಗೆ ಇಷ್ಟು ಎಂದು ಕೇಳುತ್ತಾರೆ. ತಪಾಸಣೆ ಕಂಪನಿಗೆ ಸಾಮಾನ್ಯವಾಗಿ ಇವೆರಡಕ್ಕಿಂತ ಜಾಸ್ತಿ.

ಕಷ್ಟ ಇರುವುದು ಕಣ್ಣಿಗೆ ಕಾಣದ ದೋಷದಲ್ಲಿ. ಹೊಸ ಪೇಂಟ್ ಎಲ್ಲವನ್ನೂ ಮುಚ್ಚಿಬಿಡುತ್ತದೆ, ಅಲ್ವಾ? ಗೋಡೆಯೊಳಗಿನ ತೇವ ಹಿಡಿಯಲು ಕಂಪನಿಯವರ ತೇವಾಂಶ ಮೀಟರ್, ಥರ್ಮಲ್ ಕ್ಯಾಮೆರಾ ಬೇಕು. ಬಿರುಕು ಬರೀ ಪ್ಲಾಸ್ಟರಿನದೋ, ಬೀಮಿನದೋ ಎಂದು ಹೇಳಲು ಮಾತ್ರ ಅನುಭವಿ ಇಂಜಿನಿಯರ್ ಕಣ್ಣೇ ಸರಿ. ನಾವು ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಇಳಿಜಾರು ನೋಡಬಹುದು. ನಾಣ್ಯದಿಂದ ಟೈಲ್ಸ್ ತಟ್ಟಿ ಟೊಳ್ಳು ಸದ್ದು ಬರುತ್ತದಾ ಕೇಳಬಹುದು.

ಬಿಲ್ಡರ್‌ನಿಂದ ಹೊಸ ಫ್ಲಾಟ್ ಆದರೆ ಕೀ ತೆಗೆದುಕೊಳ್ಳುವ ಮುಂಚೆ ಕಂಪನಿ ವರದಿ ಮಾಡಿಸಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಮಾಡಬೇಕು. ಆಗ ಫೋಟೊ ಸಮೇತ ವರದಿ ಕೈಯಲ್ಲಿದ್ದರೆ ಮಾತು ಗಟ್ಟಿ. ದುಬೈಯಲ್ಲೋ ಅಮೆರಿಕದಲ್ಲೋ ಕೂತು ಕೊಳ್ಳುವವರಿಗೂ ಇದೇ ಅನುಕೂಲ.

ಹಳೆಯ ಸ್ವತಂತ್ರ ಮನೆಗೆ ನಾನಾದರೆ ಇಂಜಿನಿಯರ್ ಕರೆಯುತ್ತೇನೆ. ಪರಿಚಯದವರ ಫ್ಲಾಟ್, ಕೈಯಲ್ಲಿ ದುಡ್ಡು ಬಿಗಿ ಎಂದಾದರೆ ಜೋರು ಮಳೆಯ ಮಾರನೇ ದಿನ ನೀವೇ ಹೋಗಿ ನೋಡಿ.

ಖಾತೆ (ಪಾಲಿಕೆಯ ಆಸ್ತಿ ದಾಖಲೆ), ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟದ ವಿವರ ಇರುವ ಪತ್ರ) ನೋಡುವುದು ಇವರ್ಯಾರ ಕೆಲಸವೂ ಅಲ್ಲ. ಅದಕ್ಕೆ ವಕೀಲರೇ ಬೇಕು.